ತಗ್ಗು ಸೀಲಿಂಗಿನ ಹೋಮ್ ಥಿಯೇಟರ್: ದೀಪಕ್ಕಿಂತ ಮೊದಲು ಗೋಡೆ

ಬೆಂಗಳೂರಿನ ಮೂವತ್ತು-ನಲವತ್ತು ಸೈಟಿನಲ್ಲಿ ಮನೆ ಕಟ್ಟಿದರೆ ಹೋಮ್ ಥಿಯೇಟರಿಗೆ ಸಿಗೋದು ಸಾಮಾನ್ಯವಾಗಿ ಬೇರೆ ಯಾವುದಕ್ಕೂ ಬೇಡವಾದ ಜಾಗ. ಹಾಲು, ಅಡುಗೆಮನೆ, ದೇವರಮನೆ, ಬೆಡ್‌ರೂಮು ಎಲ್ಲ ಲೆಕ್ಕ ಹಾಕಿದ ಮೇಲೆ ಉಳಿಯುವ ಬೇಸ್‌ಮೆಂಟಿನ ಒಂದು ಮೂಲೆ, ಇಲ್ಲವೇ ಮೆಟ್ಟಿಲ ಪಕ್ಕದ ಸ್ಟೋರ್ ರೂಮು. ಇಂಥ ಕೋಣೆಗಳಲ್ಲಿ ಕತ್ತಲು ಧಾರಾಳವಾಗಿ ಇರುತ್ತೆ, ಅದು ಸಿನಿಮಾಕ್ಕೆ ಒಳ್ಳೆಯದೇ. ಆದರೆ ಎತ್ತರ ಇರಲ್ಲ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಕೇಳುತ್ತದೆ, ಬೇಸ್‌ಮೆಂಟಿಗೆ 2.4 ಮೀಟರ್ ಸಾಕು ಅನ್ನುತ್ತದೆ. ವ್ಯತ್ಯಾಸ ಒಂದಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆ ಒಂದಡಿ ಬೆಳಕಿನ ಲೆಕ್ಕವನ್ನೆಲ್ಲ ಹೇಗೆ ಬದಲಾಯಿಸುತ್ತದೆ ಅನ್ನೋದೇ ಈ ಪಾಠ.

ಉದಾಹರಣೆಗೆ ನಮ್ಮ ಸಂಘದ ಗೆಳೆಯನೊಬ್ಬನ ಮನೆಯ ಬೇಸ್‌ಮೆಂಟ್ ಕೋಣೆಯನ್ನೇ ತಗೊಳ್ಳೋಣ. ಉದ್ದ 4.8 ಮೀಟರ್, ಅಗಲ 3.6 ಮೀಟರ್, ಎತ್ತರ 2.4 ಮೀಟರ್. 100 ಇಂಚಿನ ಪರದೆ, 2000 ಲ್ಯೂಮೆನ್ ಪ್ರೊಜೆಕ್ಟರ್. ಒಳಾಂಗಣದ ಕೆಲಸದವರು ಕೊಟ್ಟ ಕೊಟೇಶನ್ ಹೀಗಿತ್ತು: 12 ಸೆಂಟಿಮೀಟರ್ ಇಳಿಸಿ ಜಿಪ್ಸಮ್ ಫಾಲ್ಸ್ ಸೀಲಿಂಗ್, ಅದರಲ್ಲಿ 6 ವ್ಯಾಟಿನ 12 ಡೌನ್‌ಲೈಟು, ಗೋಡೆಗೆಲ್ಲ ಬಿಳಿ ಬಣ್ಣ, ಪರದೆ ಸುತ್ತ ಬಣ್ಣ ಬದಲಾಯಿಸುವ ಆರ್‌ಜಿಬಿ ಸ್ಟ್ರಿಪ್. ಅವರಪ್ಪ ಆ ಹಾಳೆ ನಮ್ಮ ಕೈಗೆ ಕೊಟ್ಟು, "ಇಂಜಿನಿಯರಿಂಗ್ ಓದ್ತಿದೀರಲ್ಲಪ್ಪಾ, ಇದು ಸರಿ ಇದೆಯಾ ನೋಡಿ ಹೇಳಿ" ಅಂದರು. ಜಿಪ್ಸಮ್ ಹಲಗೆ ಒಮ್ಮೆ ಕೂತುಬಿಟ್ಟರೆ ಮತ್ತೆ ಕೀಳೋದು ಅಂದರೆ ಎರಡು ಸಲ ದುಡ್ಡು. ಆ ಮನೆಯಲ್ಲಿ ಸಿನಿಮಾ ನೋಡೋಕೆ ದಿನಾ ಇಳಿದು ಬರುವವರು ಮಂಡಿ ನೋವಿರುವ ಅಜ್ಜಿ. ಹಾಗಾಗಿ ಉತ್ತರ ಪುಸ್ತಕದಲ್ಲಿ ಸರಿ ಇದ್ದರೆ ಸಾಲದು, ಕೋಣೆಯಲ್ಲೂ ಸರಿ ಇರಬೇಕು.

1. ಪರದೆಯ ಮೇಲೆ ಎಷ್ಟು ಬೆಳಕಿದೆ?

ಮೊದಲು ಪ್ರೊಜೆಕ್ಟರಿನ ಲೆಕ್ಕ. 16:9 ಅನುಪಾತದ 100 ಇಂಚಿನ ಪರದೆ 2.21 ಮೀಟರ್ ಅಗಲ, 1.245 ಮೀಟರ್ ಎತ್ತರ ಇರುತ್ತೆ. ವಿಸ್ತೀರ್ಣ ಸುಮಾರು 2.75 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. 2000 ಲ್ಯೂಮೆನ್ನನ್ನು ಈ ವಿಸ್ತೀರ್ಣದಿಂದ ಭಾಗಿಸಿದರೆ ಸುಮಾರು 726 ಲಕ್ಸ್. ಪರದೆಯ ಮೇಲಿನ ಅಪ್ಪಟ ಬಿಳಿ ಅಂದರೆ ಇದು.

ಕಪ್ಪು? ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲೋದಿಲ್ಲ, ಬೆಳಕನ್ನು ತಡೆಯುತ್ತೆ ಅಷ್ಟೇ, ಅದೂ ಪೂರ್ತಿಯಾಗಿ ಅಲ್ಲ. ಅದರ ಕಾಂಟ್ರಾಸ್ಟ್ 2000:1 ಅಂತ ಇಟ್ಟುಕೊಂಡರೆ ಕಪ್ಪಿನ ಜಾಗದಲ್ಲೂ 0.36 ಲಕ್ಸ್ ಸೋರುತ್ತಿರುತ್ತೆ. ಈಗ ಕೋಣೆಯ ದೀಪದ ಬೆಳಕು ಪರದೆಯ ಮೇಲೆ ಬಿತ್ತು ಅನ್ನಿ. ಅದು ಬಿಳಿಗೂ ಕೂಡುತ್ತೆ, ಕಪ್ಪಿಗೂ ಕೂಡುತ್ತೆ. 726ಕ್ಕೆ 5 ಕೂಡಿದರೆ ಯಾರಿಗೂ ಗೊತ್ತಾಗಲ್ಲ. 0.36ಕ್ಕೆ 5 ಕೂಡಿದರೆ ಕಪ್ಪು ಅನ್ನೋದೇ ಉಳಿಯಲ್ಲ.

• ಹೊರಗಿನ ಬೆಳಕು 0 ಲಕ್ಸ್: ಕಾಂಟ್ರಾಸ್ಟ್ 2000:1
• 1 ಲಕ್ಸ್: ಸುಮಾರು 530:1
• 5 ಲಕ್ಸ್: ಸುಮಾರು 136:1
• 20 ಲಕ್ಸ್: ಸುಮಾರು 37:1

20 ಲಕ್ಸ್ ಅಂದರೆ ಓದೋಕೂ ಸಾಲದ ಮಬ್ಬು ಬೆಳಕು. ಅಷ್ಟಕ್ಕೇ ಕಾಂಟ್ರಾಸ್ಟ್ ಐವತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿಯಾಯಿತು. 'ಕಾಂತಾರ'ದ ರಾತ್ರಿಯ ಕಾಡಿನ ದೃಶ್ಯ ನೆನಪಿಸಿಕೊಳ್ಳಿ, ಅಥವಾ ಎಸ್. ರಾಮಚಂದ್ರ ಛಾಯಾಗ್ರಹಣದ ಕಪ್ಪು-ಬಿಳುಪು 'ಘಟಶ್ರಾದ್ಧ'ವನ್ನು (1977). ಅಂಥ ಚಿತ್ರಗಳಲ್ಲಿ ಕತ್ತಲೂ ಒಂದು ಪಾತ್ರ. ಈ ಕೋಣೆಯಲ್ಲಿ ಅದು ಬೂದಿ ಬಣ್ಣದ ಮಂಜಾಗಿ ಕಾಣುತ್ತೆ, ಆಮೇಲೆ ಬೈಗುಳ ಪ್ರೊಜೆಕ್ಟರಿಗೆ.

2. ದೀಪ ಆರಿಸಿದರೂ ಬೆಳಕು ಇರುತ್ತೆ

"ಸಿನಿಮಾ ಹಾಕುವಾಗ ಲೈಟೆಲ್ಲ ಆಫ್ ಮಾಡ್ತೀವಿ, ಮತ್ತೇನು ತೊಂದರೆ?" ಅಂತ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಗೋಡೆಯಲ್ಲಿದೆ.

ಬೆಳಕು ಗೋಡೆಗೆ ಬಿದ್ದಾಗ ಸ್ವಲ್ಪ ಭಾಗ ಹೀರಿಕೆಯಾಗಿ ಉಳಿದದ್ದು ಹಿಂದಕ್ಕೆ ಬರುತ್ತದೆ. ಹಿಂದಕ್ಕೆ ಬರುವ ಪಾಲನ್ನು ರಿಫ್ಲೆಕ್ಟೆನ್ಸ್ ಅಂತೀವಿ, ಇಲ್ಲಿ ಅದನ್ನು 'ರಿ' ಅಂತ ಕರೆಯೋಣ. ಬಿಳಿ ಗೋಡೆಗೆ ರಿ ಸುಮಾರು 0.7ರಿಂದ 0.8, ಗಾಢ ಬಣ್ಣದ ಮ್ಯಾಟ್ ಗೋಡೆಗೆ 0.1ರಿಂದ 0.2. ಆ ಬೆಳಕು ಇನ್ನೊಂದು ಗೋಡೆಗೆ ಹೋಗಿ ಮತ್ತೆ ರಿ ಪಾಲು ಉಳಿಯುತ್ತೆ, ಆಮೇಲೆ ಮತ್ತೊಂದಕ್ಕೆ. ಪಿಯುಸಿಯಲ್ಲಿ ಓದಿದ ಗುಣೋತ್ತರ ಶ್ರೇಣಿ ಇದೇ: ರಿ + ರಿ² + ರಿ³ + … ಇದರ ಮೊತ್ತ ರಿ ÷ (1 − ರಿ). ಹಾಗಾಗಿ ಕೋಣೆಯೊಳಗೆ ಅಲ್ಲಿ ಇಲ್ಲಿ ಪುಟಿದು ಎಲ್ಲ ಕಡೆ ಹರಡುವ ಬೆಳಕಿಗೆ ಒಂದು ಅಂದಾಜು ಸೂತ್ರ ಸಿಗುತ್ತೆ:

ಲಕ್ಸ್ = ಲ್ಯೂಮೆನ್ × ರಿ ÷ [ಒಟ್ಟು ಮೇಲ್ಮೈ × (1 − ರಿ)]

ನಮ್ಮ ಕೋಣೆಯ ನೆಲ, ಸೀಲಿಂಗ್, ನಾಲ್ಕು ಗೋಡೆ ಸೇರಿ ಮೇಲ್ಮೈ ಸುಮಾರು 75 ಚದರ ಮೀಟರ್.

ಈಗ ಎಲ್ಲ ದೀಪ ಆರಿಸಿ. ಉಳಿದಿರೋದು ಪರದೆ ಒಂದೇ. ಒಂದು ದೃಶ್ಯದ ಸರಾಸರಿ ಹೊಳಪು ಗರಿಷ್ಠದ 20% ಅಂತ ಇಟ್ಟುಕೊಳ್ಳೋಣ: 2000ರಲ್ಲಿ 400 ಲ್ಯೂಮೆನ್. ಪರದೆ ಅದರಲ್ಲಿ 90% ವಾಪಸ್ ಕಳಿಸಿದರೆ 360 ಲ್ಯೂಮೆನ್ ಕೋಣೆಗೆ ಬರುತ್ತೆ. ಅದು ಗೋಡೆ, ಸೀಲಿಂಗಿಗೆ ಬಡಿದು ತಿರುಗಿ ಪರದೆಗೇ ಬೀಳುತ್ತೆ. ಎಷ್ಟು?

• ಎಲ್ಲ ಬಿಳಿ (ರಿ = 0.7): ಸುಮಾರು 11 ಲಕ್ಸ್, ಕಾಂಟ್ರಾಸ್ಟ್ 64:1
• ಹೆಚ್ಚಿನ ಭಾಗ ಗಾಢ (ರಿ = 0.3): ಸುಮಾರು 2 ಲಕ್ಸ್, ಕಾಂಟ್ರಾಸ್ಟ್ 300:1
• ಪೂರ್ತಿ ಕಪ್ಪು ಮ್ಯಾಟ್ (ರಿ = 0.1): ಸುಮಾರು 0.5 ಲಕ್ಸ್, ಕಾಂಟ್ರಾಸ್ಟ್ 800:1

ಒಂದು ದೀಪವೂ ಉರಿಯದೆ ಇರುವಾಗಿನ ಲೆಕ್ಕ ಇದು. ದೀಪ ಯಾವ ಕಂಪನಿಯದು, ಎಷ್ಟು ವ್ಯಾಟು ಅಂತ ಚರ್ಚೆ ಶುರುವಾಗೋದಕ್ಕೆ ಮೊದಲೇ ಗೋಡೆಯ ಬಣ್ಣ ಐದು ಪಟ್ಟು ವ್ಯತ್ಯಾಸ ಮಾಡಿಬಿಟ್ಟಿದೆ. ಸೀಲಿಂಗ್ ತಗ್ಗಿದ್ದರೆ ಪರದೆಯ ಮೇಲಂಚಿಗೂ ಸೀಲಿಂಗಿಗೂ ನಡುವೆ ಹೆಚ್ಚು ಅಂತರ ಇರಲ್ಲ. ನಮ್ಮ ಕೋಣೆಯಲ್ಲಿ ಪರದೆ 2 ಮೀಟರಿಗೆ ಮುಗಿದರೆ ಮೇಲೆ ಉಳಿಯೋದು ಬರೀ 40 ಸೆಂಟಿಮೀಟರ್. ಪರದೆಗೆ ಹತ್ತಿರದ ಸೀಲಿಂಗ್ ಭಾಗ ಬಿಳಿ ಇದ್ದರೆ ಅದು ಕನ್ನಡಿಯ ಹಾಗೆ ಬೆಳಕನ್ನು ಪರದೆಗೆ ವಾಪಸ್ ಚೆಲ್ಲುತ್ತೆ. ಮೇಲಿನ ಸೂತ್ರ ಎಲ್ಲ ಕಡೆ ಸಮನಾಗಿ ಹಂಚಿದ ಸರಾಸರಿ. ಹತ್ತಿರದ ಸೀಲಿಂಗಿನ ಪಾಲು ಅದಕ್ಕಿಂತ ಹೆಚ್ಚೇ.

ಕೊಟೇಶನ್ನಿನ 12 ಡೌನ್‌ಲೈಟಿಗೂ ಇದೇ ಸೂತ್ರ ಹಾಕಿ ನೋಡೋಣ. ವ್ಯಾಟಿಗೆ 90 ಲ್ಯೂಮೆನ್ ಹಿಡಿದರೆ ಒಂದಕ್ಕೆ 540, ಹನ್ನೆರಡಕ್ಕೆ 6480 ಲ್ಯೂಮೆನ್. ಬಿಳಿ ಕೋಣೆಯಲ್ಲಿ ಅದು ಪರದೆಯ ಮೇಲೆ ಸುಮಾರು 200 ಲಕ್ಸ್. ಡಿಮ್ಮರಿನಿಂದ 10%ಕ್ಕೆ ಇಳಿಸಿದರೂ 20 ಲಕ್ಸ್. ಮೇಲಿನ ಪಟ್ಟಿಯ ಕೊನೆಯ ಸಾಲು ನೋಡಿ: 37:1.

3. ತಲೆಯ ಮೇಲೆ ಕೂತ ಡೌನ್‌ಲೈಟ್

ಈಗ ಎತ್ತರದ ವಿಷಯಕ್ಕೆ ಬರೋಣ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.1 ಮೀಟರ್ ಎತ್ತರದಲ್ಲಿ ಇರುತ್ತೆ. 3 ಮೀಟರಿನ ಸಾಮಾನ್ಯ ಹಾಲಿನಲ್ಲಿ ಕಣ್ಣಿಗೂ ದೀಪಕ್ಕೂ ಅಂತರ 1.9 ಮೀಟರ್. ನಮ್ಮ ಬೇಸ್‌ಮೆಂಟಿಗೆ ಫಾಲ್ಸ್ ಸೀಲಿಂಗ್ ಹಾಕಿಸಿದರೆ ಎತ್ತರ 2.28, ಅಂತರ 1.18 ಮೀಟರ್. ವಿಲೋಮ ವರ್ಗ ನಿಯಮದ ಪ್ರಕಾರ ಅದೇ ದೀಪ 2.6 ಪಟ್ಟು ಹೆಚ್ಚು ತೀಕ್ಷ್ಣ. 540 ಲ್ಯೂಮೆನ್, 60 ಡಿಗ್ರಿ ಕೋನದ ಡೌನ್‌ಲೈಟ್ ನೇರ ಕೆಳಗೆ ಕೂತವರ ತಲೆಯ ಮೇಲೆ ಹಾಲಿನಲ್ಲಿ ಸುಮಾರು 180 ಲಕ್ಸ್ ಕೊಟ್ಟರೆ ಇಲ್ಲಿ 460 ಲಕ್ಸ್ ಕೊಡುತ್ತೆ. ಆಫೀಸಿನ ಮೇಜಿನ ಮೇಲೆ ಇಡುವಷ್ಟು ಬೆಳಕು ನೆತ್ತಿಗೆ.

ಬೆಳಕು ಹರಡುವ ಜಾಗವೂ ಕಮ್ಮಿ. ಅದೇ 60 ಡಿಗ್ರಿ ಕೋನ ಹಾಲಿನಲ್ಲಿ ಕಣ್ಣಿನ ಮಟ್ಟಕ್ಕೆ ಬರುವಷ್ಟರಲ್ಲಿ 2.2 ಮೀಟರ್ ಅಗಲದ ವೃತ್ತವಾಗಿರುತ್ತೆ. ಇಲ್ಲಿ 1.36 ಮೀಟರ್ ಮಾತ್ರ. ಒಬ್ಬರ ಮೇಲೆ ಬೆಳಕು, ಪಕ್ಕದವರ ಮೇಲೆ ಕತ್ತಲು, ಗೋಡೆಯ ಮೇಲೆ ಕಮಾನು ಕಮಾನು ನೆರಳು. ಅದನ್ನು ತುಂಬಿಸೋಕೆ ದೀಪದ ಸಂಖ್ಯೆ ಜಾಸ್ತಿ ಮಾಡ್ತಾರೆ. ಹನ್ನೆರಡು ಬಂದದ್ದು ಹೀಗೆ.

ಮೂರನೆಯದು ಚುಚ್ಚುವ ಬೆಳಕು, ಅಂದರೆ ಗ್ಲೇರ್. ಪರದೆ ನೋಡುವಾಗ ನಮ್ಮ ದೃಷ್ಟಿ ಹೆಚ್ಚುಕಮ್ಮಿ ಅಡ್ಡವಾಗಿ ಇರುತ್ತೆ. ನಿಮ್ಮಿಂದ 2 ಮೀಟರ್ ಮುಂದಿರುವ ದೀಪ ಹಾಲಿನಲ್ಲಿ ದೃಷ್ಟಿರೇಖೆಗಿಂತ ಸುಮಾರು 43 ಡಿಗ್ರಿ ಮೇಲೆ, ಇಲ್ಲಿ ಸುಮಾರು 30 ಡಿಗ್ರಿ ಮೇಲೆ. ದೀಪ ದೃಷ್ಟಿರೇಖೆಗೆ ಹತ್ತಿರ ಬಂದಷ್ಟೂ ಕಿರಿಕಿರಿ ಹೆಚ್ಚು. ದೀಪವನ್ನು ಆಳವಾಗಿ ಹುದುಗಿಸಿದರೆ ಇದು ಕಮ್ಮಿಯಾಗುತ್ತೆ ನಿಜ: 7.5 ಸೆಂಟಿಮೀಟರ್ ಬಾಯಿಯ ದೀಪವನ್ನು 5 ಸೆಂಟಿಮೀಟರ್ ಒಳಗೆ ಇಟ್ಟರೆ ಸುಮಾರು 34 ಡಿಗ್ರಿಗಿಂತ ಕೆಳಗಿನ ಕೋನದಿಂದ ಮೂಲ ಕಾಣಲ್ಲ. ಆದರೆ ಆ ಆಳಕ್ಕೆ ಜಾಗ ಬೇಕು, ಜಾಗಕ್ಕೆ ಫಾಲ್ಸ್ ಸೀಲಿಂಗ್ ಇನ್ನೂ ಇಳಿಯಬೇಕು, ಸೀಲಿಂಗ್ ಇಳಿದಷ್ಟೂ ದೀಪ ಕಣ್ಣಿಗೆ ಹತ್ತಿರ. ಮದ್ದೇ ರೋಗ ತರುವ ಲೆಕ್ಕ.

ಸೀಲಿಂಗ್ ಫ್ಯಾನಿನ ಬಗ್ಗೆಯೂ ಒಂದು ಮಾತು. ಇಷ್ಟು ತಗ್ಗಿನಲ್ಲಿ ಮೇಲೆತ್ತಿದ ಕೈಗೆ ರೆಕ್ಕೆ ಸಿಗುವ ಅಪಾಯ ಒಂದು ಕಡೆ. ಇನ್ನೊಂದು ಕಡೆ, ಫ್ಯಾನಿನ ಮೇಲೆ ದೀಪ ಇದ್ದರೆ ರೆಕ್ಕೆ ಬೆಳಕನ್ನು ಕತ್ತರಿಸುತ್ತೆ. ನಿಮಿಷಕ್ಕೆ 300 ಸುತ್ತು, ಮೂರು ರೆಕ್ಕೆ, ಅಂದರೆ ಸೆಕೆಂಡಿಗೆ 15 ಸಲ ನೆರಳು-ಬೆಳಕು. ಕಣ್ಣಿಗೆ ಅತಿ ಹೆಚ್ಚು ಹಿಂಸೆ ಕೊಡುವ ಮಿನುಗು ಇದೇ ಸುಮಾರಿನದು. ಈ ಕೋಣೆಗೆ ಗೋಡೆ ಫ್ಯಾನು ಅಥವಾ ಎಸಿ, ಅಷ್ಟೇ. ತೂಗುದೀಪವಂತೂ ಬೇಡವೇ ಬೇಡ, ಪ್ರೊಜೆಕ್ಟರಿನ ಬೆಳಕಿನ ದಾರಿಗೇ ಅಡ್ಡ ಬರುತ್ತೆ.

4. ಹಾಗಾದ್ರೆ ದೀಪ ಎಲ್ಲಿ?

ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರ ಹೆಸರು ಕೇಳಿರಬಹುದು. ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ (2008ರ ಸಾಲಿನದು) ಪಡೆದ ಮೊದಲ ಛಾಯಾಗ್ರಾಹಕರು ಅವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಗೆ ದಪ್ಪನೆಯ ಬಿಸಿಲುಕೋಲೊಂದು ಇಳಿದು ಬರುವ ಪ್ರಸಿದ್ಧ ದೃಶ್ಯವಿದೆ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದು ಅದನ್ನು ಚಿತ್ರಿಸಿದರು. ಎಷ್ಟು ದೀಪ ಅನ್ನೋದಲ್ಲ, ಬೆಳಕು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಅನ್ನೋದು ಅಲ್ಲಿನ ಪ್ರಶ್ನೆ. ನಮ್ಮ ಪ್ರಶ್ನೆಯೂ ಅದೇ.

ತಗ್ಗು ಕೋಣೆಗೆ ಉತ್ತರ: ಬೆಳಕನ್ನು ಕೆಳಕ್ಕೆ ಚೆಲ್ಲಬೇಡಿ, ಮೇಲಕ್ಕೆ ಚೆಲ್ಲಿ. ಗೋಡೆಯ ಮೇಲ್ಭಾಗದಲ್ಲಿ ಸಣ್ಣ ತೊಟ್ಟಿಯಂಥ ಅಂಚು ಕಟ್ಟಿ, ಅದರೊಳಗೆ ಎಲ್‌ಇಡಿ ಸ್ಟ್ರಿಪ್ ಬಚ್ಚಿಟ್ಟರೆ ಬೆಳಕು ಸೀಲಿಂಗಿಗೆ ಬಡಿದು ಮೆತ್ತಗೆ ಇಳಿಯುತ್ತೆ. ಇದನ್ನು ಕೋವ್ ಲೈಟ್ ಅಂತಾರೆ. ದೀಪದ ಮೂಲ ಯಾರ ಕಣ್ಣಿಗೂ ಕಾಣಲ್ಲ. ಸೀಲಿಂಗ್ ಬೆಳಗಿದರೆ ಕೋಣೆ ಸ್ವಲ್ಪ ಎತ್ತರ ಇದ್ದ ಹಾಗೂ ಅನ್ನಿಸುತ್ತೆ.

ಇಲ್ಲೊಂದು ತೊಡಕು. ಕೋವ್ ಲೈಟಿಗೆ ಬಿಳಿ ಸೀಲಿಂಗ್ ಬೇಕು, ಪರದೆಗೆ ಕಪ್ಪು ಸೀಲಿಂಗ್ ಬೇಕು. ಎರಡೂ ಒಟ್ಟಿಗೆ ಹೇಗೆ? ಸೀಲಿಂಗನ್ನು ಪಾಲು ಮಾಡಿದರೆ ಆಯಿತು. ಪರದೆ ಕಡೆಯ ಮೂರನೇ ಒಂದು ಭಾಗ, ಅಂದರೆ 1.6 ಮೀಟರ್, ಗಾಢ ಮ್ಯಾಟ್ ಬಣ್ಣ. ಅಲ್ಲಿ ಒಂದು ದೀಪವೂ ಇಲ್ಲ. ಹಿಂದಿನ 3.2 ಮೀಟರ್ ತಿಳಿ ಬಣ್ಣದ ಮ್ಯಾಟ್. ಕೋವ್ ಅಲ್ಲಿ ಮಾತ್ರ. ಗೋಡೆಗಳೂ ನೆಲವೂ ಗಾಢ, ರಿ ಸುಮಾರು 0.2 ಬರುವ ಹಾಗೆ. ಕಡು ನೀಲಿ, ಕಾಫಿ ಬೀಜದ ಕಂದು, ಇದ್ದಿಲು ಬೂದು ಯಾವುದಾದರೂ ಸರಿ, ಹೊಳಪಿನ ಫಿನಿಶ್ ಮಾತ್ರ ಬೇಡ. ಸರಾಸರಿ ತೆಗೆದರೆ: 11.5 ಚದರ ಮೀಟರ್ ತಿಳಿ ಬಣ್ಣ (0.7), ಉಳಿದ 63.5 ಗಾಢ (0.2), ಒಟ್ಟು ಕೋಣೆಯ ರಿ ಸುಮಾರು 0.28. ಮೇಲಿನ ಪಟ್ಟಿಯಲ್ಲಿ 300:1 ಕೊಟ್ಟ ಸಾಲಿಗಿಂತ ಸ್ವಲ್ಪ ಚೆನ್ನಾಗೇ ಇದೆ.

ಕೋವ್ ಅಂಚನ್ನು ಸೀಲಿಂಗಿಗೆ ತೀರಾ ಅಂಟಿಸಬೇಡಿ. ಹತ್ತಿರ ಇದ್ದರೆ ಸೀಲಿಂಗಿನ ಮೇಲೆ ಒಂದು ಗೆರೆ ಮಾತ್ರ ಉರಿದಂತೆ ಕಾಣುತ್ತೆ, ಬೆಳಕು ಹರಡಲ್ಲ. ನಮ್ಮ ಕೋಣೆಯಲ್ಲಿ 30 ಸೆಂಟಿಮೀಟರ್ ಬಿಟ್ಟು 2.1 ಮೀಟರ್ ಎತ್ತರದಲ್ಲಿ ಇಡಬಹುದು. ನಿಂತವರ ಕಣ್ಣೂ ಅದಕ್ಕಿಂತ ಕೆಳಗೇ ಇರೋದರಿಂದ ಸ್ಟ್ರಿಪ್ ಕಾಣಲ್ಲ. ಇದಕ್ಕೆ ಫಾಲ್ಸ್ ಸೀಲಿಂಗ್ ಬೇಕಾಗೇ ಇಲ್ಲ. ಕೊಟೇಶನ್ನಿನ ಅತಿ ದೊಡ್ಡ ಖರ್ಚು ಇಲ್ಲಿಗೆ ಹೋಯಿತು, 12 ಸೆಂಟಿಮೀಟರ್ ಎತ್ತರ ವಾಪಸ್ ಬಂತು.

5. ಸ್ಟ್ರಿಪ್ ಎಷ್ಟು, ಡ್ರೈವರ್ ಯಾವುದು?

ಕಸ ಗುಡಿಸುವಾಗ, ಬಿದ್ದ ರಿಮೋಟ್ ಹುಡುಕುವಾಗ ನೆಲದ ಮೇಲೆ 100 ಲಕ್ಸ್ ಇದ್ದರೆ ಸಾಕು. ಲ್ಯೂಮೆನ್ ವಿಧಾನ ಹೀಗೆ:

ಬೇಕಾದ ಲ್ಯೂಮೆನ್ = ಲಕ್ಸ್ × ನೆಲದ ವಿಸ್ತೀರ್ಣ ÷ (ಬಳಕೆ ಅಂಶ × ನಿರ್ವಹಣೆ ಅಂಶ)

ನೆಲ 17.28 ಚದರ ಮೀಟರ್. ಪರೋಕ್ಷ ಬೆಳಕು, ಗಾಢ ಗೋಡೆ ಆಗಿರೋದರಿಂದ ಬಳಕೆ ಅಂಶ 0.3 ಅಂತ ಹಿಡಿಯೋಣ. ಧೂಳು, ಹಳತಾಗುವಿಕೆಗೆ ನಿರ್ವಹಣೆ ಅಂಶ 0.8. ಉತ್ತರ 7200 ಲ್ಯೂಮೆನ್. ಕೋವ್ ಉದ್ದ ಎರಡು ಬದಿ 3.2 ಮತ್ತು ಹಿಂದೆ 3.6, ಒಟ್ಟು 10 ಮೀಟರ್. ಮೀಟರಿಗೆ 720 ಲ್ಯೂಮೆನ್, ವ್ಯಾಟಿಗೆ 90ರಂತೆ ಮೀಟರಿಗೆ 8 ವ್ಯಾಟ್, ಒಟ್ಟು 80 ವ್ಯಾಟ್. ಡ್ರೈವರನ್ನು ಅದರ ಸಾಮರ್ಥ್ಯದ 80%ರಲ್ಲಿ ಓಡಿಸೋದು ವಾಡಿಕೆ, ಹಾಗಾಗಿ 100 ವ್ಯಾಟಿನದು.

12 ವೋಲ್ಟ್ ತಗೋಬೇಕಾ, 24 ವೋಲ್ಟಾ? 80 ವ್ಯಾಟಿಗೆ 12 ವೋಲ್ಟಿನಲ್ಲಿ 6.7 ಆಂಪಿಯರ್, 24ರಲ್ಲಿ 3.3 ಆಂಪಿಯರ್. ಕರೆಂಟು ಅರ್ಧವಾದರೆ ತಂತಿಯಲ್ಲಿ ವ್ಯರ್ಥವಾಗುವ ಶಕ್ತಿ ಕಾಲು ಭಾಗ. ಸ್ಟ್ರಿಪ್ಪಿನ ತಾಮ್ರದ ಪದರ ತೆಳು, ಅದಕ್ಕೇ ಉದ್ದ ಹೆಚ್ಚಾದಂತೆ ಕೊನೆಯ ದೀಪಗಳು ಮಂಕಾಗುತ್ತವೆ. 24 ವೋಲ್ಟ್ ತಗೊಂಡು, 10 ಮೀಟರನ್ನು ಒಂದೇ ಸರವಾಗಿ ಎಳೆಯದೆ ಐದೈದು ಮೀಟರಿನ ಎರಡು ಸಮಾಂತರ ತುಂಡುಗಳಾಗಿ ಜೋಡಿಸಿ. ಸ್ಟ್ರಿಪ್ಪನ್ನು ಬರೀ ಪ್ಲಾಸ್ಟರಿಗೆ ಅಂಟಿಸದೆ ಅಲ್ಯೂಮಿನಿಯಂ ಪ್ರೊಫೈಲಿನಲ್ಲಿ ಕೂರಿಸಿದರೆ ಬಿಸಿ ಹೊರಗೆ ಹೋಗುತ್ತೆ, ಆಯಸ್ಸು ಹೆಚ್ಚುತ್ತೆ.

6. ಡಿಮ್ಮರ್: 10% ಅಂದರೆ 10% ಅಲ್ಲ

ಕಣ್ಣು ಬೆಳಕನ್ನು ಸರಳ ರೇಖೆಯಲ್ಲಿ ಅಳೆಯಲ್ಲ. ಬೆಳಕಿನ ಇಂಜಿನಿಯರುಗಳು ಬಳಸುವ ಅಂದಾಜು: ಕಂಡಂತೆ ಅನ್ನಿಸುವ ಹೊಳಪು, ನಿಜವಾದ ಹೊಳಪಿನ ವರ್ಗಮೂಲ. 10%ಕ್ಕೆ ಇಳಿಸಿದ ದೀಪ ಕಣ್ಣಿಗೆ 32% ಇದ್ದ ಹಾಗೆ ಕಾಣುತ್ತೆ. 1%ಕ್ಕೆ ಇಳಿಸಿದರೆ ಮಾತ್ರ 10% ಅನ್ನಿಸುತ್ತೆ. ಅಂದರೆ ಥಿಯೇಟರಿಗೆ 1%ವರೆಗೂ ಇಳಿಯುವ ಡಿಮ್ಮರ್ ಬೇಕು. ನಮ್ಮ 7200 ಲ್ಯೂಮೆನ್ ಕೋವನ್ನು 1%ರಲ್ಲಿಟ್ಟರೆ ಪರದೆಗೆ ತಲುಪೋದು ಸುಮಾರು 0.4 ಲಕ್ಸ್. ಕ್ರಿಕೆಟ್ ನೋಡುವಾಗ, ಮಧ್ಯೆ ಮಂಡಕ್ಕಿ ತಟ್ಟೆ ಕೈ ಬದಲಾಗುವಾಗ ಅಷ್ಟು ಬೆಳಕು ಹಿತ.

ಎಲ್‌ಇಡಿ ಸ್ಟ್ರಿಪ್ಪನ್ನು ಮಂಕು ಮಾಡೋದು ಹೆಚ್ಚಾಗಿ ಪಿಡಬ್ಲ್ಯೂಎಂ ವಿಧಾನದಲ್ಲಿ, ಅಂದರೆ ಅತಿ ವೇಗವಾಗಿ ಆನ್-ಆಫ್ ಮಾಡುತ್ತಾ. ವೇಗ ಕಮ್ಮಿ ಇದ್ದರೆ ಕಣ್ಣಿಗೆ ನೇರವಾಗಿ ಕಾಣದಿದ್ದರೂ ತಲೆನೋವು ಬರಬಹುದು. ಐಇಇಇ 1789-2015 ಶಿಫಾರಸಿನ ಪ್ರಕಾರ ಪೂರ್ತಿ ಆನ್-ಆಫ್ ಆಗುವ ಬೆಳಕು 1250 ಹರ್ಟ್ಸ್ ಮೇಲಿದ್ದರೆ ಅಪಾಯ ಕಮ್ಮಿ, 3000 ಹರ್ಟ್ಸ್ ಮೇಲಿದ್ದರೆ ಪರಿಣಾಮವೇ ಇಲ್ಲ ಅನ್ನಬಹುದು. ಡಿಮ್ಮರ್ ಕೊಳ್ಳುವಾಗ ಈ ಸಂಖ್ಯೆ ಕೇಳಿ. ಹಳೆ ಫ್ಯಾನ್ ರೆಗ್ಯುಲೇಟರನ್ನು ಎಲ್‌ಇಡಿ ಡ್ರೈವರಿನ ಮುಂದೆ ಹಾಕುವ ಜುಗಾಡ್ ಮಾತ್ರ ಬೇಡ. ದೀಪ ಮಿಟುಕುತ್ತೆ, ಡ್ರೈವರ್ ಬೇಗ ಸಾಯುತ್ತೆ.

ದೀಪ ಫಕ್ಕನೆ ಹತ್ತದೆ ಹತ್ತು ಸೆಕೆಂಡಿನಲ್ಲಿ ಮೆಲ್ಲಗೆ ಏರುವ ಹಾಗೆ ಇದ್ದರೆ ಇನ್ನೂ ಒಳ್ಳೆಯದು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳೋಕೆ ಅರ್ಧ ಗಂಟೆಯೇ ಬೇಕು. ಅದನ್ನು ಒಂದು ಸ್ವಿಚ್ ಒಂದು ಕ್ಷಣದಲ್ಲಿ ಕೆಡಿಸಿಬಿಡುತ್ತೆ.

7. ಬಣ್ಣದ ಮಾತು

ಹಾಸ್ಟೆಲ್ ರೂಮಿನಲ್ಲಿ ಆರ್‌ಜಿಬಿ ಸ್ಟ್ರಿಪ್ ಹಾಕಿಕೊಂಡವರು ಬೇಜಾರು ಮಾಡ್ಕೋಬೇಡಿ. ಸಿನಿಮಾ ನೋಡುವಾಗ ಅದು ತೊಂದರೆ. ಕಣ್ಣು ಸುತ್ತಲಿನ ಬಣ್ಣಕ್ಕೆ ಹೊಂದಿಕೊಂಡು ತನ್ನ 'ಬಿಳಿ'ಯನ್ನೇ ಬದಲಾಯಿಸಿಕೊಳ್ಳುತ್ತೆ. ಸುತ್ತ ನೀಲಿ ಇದ್ದರೆ ಪರದೆಯ ಮೇಲಿನ ಮುಖಗಳು ಹಳದಿ ಕಾಮಾಲೆ ಬಂದ ಹಾಗೆ ಕಾಣಬಹುದು. ಟಿವಿ ಇರುವ ಕೋಣೆಯಲ್ಲಿ ಟಿವಿ ಹಿಂದೆ ಬೆಳಕು ಇಟ್ಟರೆ ಕಣ್ಣಿಗೆ ಆಯಾಸ ಕಮ್ಮಿ, ಆದರೆ ಅದು ಸುಮಾರು 6500 ಕೆಲ್ವಿನ್‌ನ ತಟಸ್ಥ ಬಿಳಿ ಆಗಿರಬೇಕು, ಹೊಳಪು ಟಿವಿಯ ಗರಿಷ್ಠದ 10ರಿಂದ 15% ಮೀರಬಾರದು. ಪ್ರೊಜೆಕ್ಟರ್ ಇದ್ದರೆ ಪರದೆ ಸುತ್ತ ಏನೂ ಬೇಡ. ಕೋವಿಗೆ 3000 ಕೆಲ್ವಿನ್ ಬೆಚ್ಚನೆಯ ಬಿಳಿ ಸಾಕು. ಸಿನಿಮಾ ನಡೆಯುವಾಗ ಅದು ಆರಿರುತ್ತೆ.

8. ಅಜ್ಜಿಯ ದಾರಿ

ಕತ್ತಲ ಕೋಣೆಯ ದೊಡ್ಡ ಅಪಾಯ ಕೆಟ್ಟ ಚಿತ್ರವಲ್ಲ, ಎಡವಿ ಬೀಳೋದು. ಸಿನಿಮಾ ಮಧ್ಯೆ ಅಜ್ಜಿ ಎದ್ದು ಬಾತ್‌ರೂಮಿಗೆ ಹೋಗಬೇಕು ಅಂದರೆ ಯಾರನ್ನೂ ಕೂಗದೆ ಹೋಗುವ ಹಾಗಿರಬೇಕು. ಹುಣ್ಣಿಮೆ ಬೆಳದಿಂಗಳು ನೆಲದ ಮೇಲೆ ಕಾಲು ಲಕ್ಸ್ ಆಸುಪಾಸು ಕೊಡುತ್ತೆ. ದಾರಿಗೆ ಒಂದೆರಡು ಲಕ್ಸ್ ಕೊಟ್ಟರೆ ಧಾರಾಳ. ನೆಲದಿಂದ 20 ಸೆಂಟಿಮೀಟರ್ ಎತ್ತರದಲ್ಲಿ, ಕೆಳಮುಖವಾಗಿ, ಹತ್ತು ಲ್ಯೂಮೆನ್ನಿನ ಮೂರು ಸಣ್ಣ ದೀಪ: ಒಂದು ಸೋಫಾ ಪಕ್ಕ, ಒಂದು ಬಾಗಿಲಲ್ಲಿ, ಒಂದು ಮೆಟ್ಟಿಲ ಬುಡದಲ್ಲಿ. ಮೂರೂ ಸೇರಿ ಪರದೆಗೆ ಹೋಗೋದು 0.2 ಲಕ್ಸ್‌ಗಿಂತ ಕಮ್ಮಿ. ಬಣ್ಣ ಕೆಂಪು ಕಡೆಗೆ ವಾಲುವ ಅಂಬರ್ ಇರಲಿ. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಹೆಚ್ಚು ನಾಟಲ್ಲ, ಹೊಂದಿಕೊಂಡ ಕಣ್ಣು ಹಾಗೇ ಉಳಿಯುತ್ತೆ. ಮೆಟ್ಟಿಲಿನ ಅಂಚಿಗೆ ತಿಳಿ ಬಣ್ಣದ ಪಟ್ಟಿ ಬಳಿದರೆ ಖರ್ಚಿಲ್ಲದೆ ಇನ್ನಷ್ಟು ಅನುಕೂಲ.

ಇದರ ಜೊತೆ ಬಾಗಿಲ ಮೇಲೆ ಒಂದು ಬ್ಯಾಟರಿ ದೀಪ, ಕರೆಂಟು ಹೋದ ಕೂಡಲೇ ತಾನಾಗಿ ಹತ್ತುವಂಥದ್ದು, ಇರಲೇಬೇಕು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ತೀರಿಕೊಂಡರು. ಕಟ್ಟಡದ ಕೆಳಭಾಗದ ಟ್ರಾನ್ಸ್‌ಫಾರ್ಮರಿನಿಂದ ಶುರುವಾದ ಬೆಂಕಿಯ ಹೊಗೆ ಮೇಲೇರಿತು. ಕತ್ತಲಲ್ಲಿ, ಮುಚ್ಚಿದ ದಾರಿಗಳ ನಡುವೆ, ಬಾಲ್ಕನಿಯವರಿಗೆ ಹೊರಗೆ ಬರಲಾಗಲಿಲ್ಲ. ತುರ್ತು ದೀಪ ಇರಲಿಲ್ಲ ಅನ್ನೋದು ಆ ಪ್ರಕರಣದಲ್ಲಿ ಎತ್ತಿ ತೋರಿಸಿದ ಲೋಪಗಳಲ್ಲೊಂದು. ಮನೆಯ ಬೇಸ್‌ಮೆಂಟು ಸಣ್ಣದೇ ಇರಬಹುದು, ಅದಕ್ಕಿರೋದೂ ಒಂದೇ ಬಾಗಿಲು. ಬೇಸ್‌ಮೆಂಟಿನಲ್ಲಿ ಮಳೆಗಾಲದ ತೇವವೂ ಇರುತ್ತೆ, ಆದ್ದರಿಂದ ಡ್ರೈವರನ್ನು ನೆಲಕ್ಕೆ ಹತ್ತಿರ ಇಡಬೇಡಿ, ಗಾಳಿಯಾಡುವ ಜಾಗದಲ್ಲಿಡಿ, ಆ ಲೈನಿಗೆ ಆರ್‌ಸಿಸಿಬಿ ಹಾಕಿಸಿ. 230 ವೋಲ್ಟಿನ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ. ನಮ್ಮ ಲ್ಯಾಬ್ ಅನುಭವ ಅಲ್ಲಿ ಸಾಲದು.

9. ದುಡ್ಡು ಯಾವ ಕ್ರಮದಲ್ಲಿ?

ಗೆಳೆಯನ ಅಪ್ಪನಿಗೆ ನಾವು ಬರೆದುಕೊಟ್ಟ ಪಟ್ಟಿ ಇದು. ಮೇಲಿನದು ಮೊದಲು:

1. ಗೋಡೆಗೆ ಗಾಢ ಮ್ಯಾಟ್ ಬಣ್ಣ, ಮುಂದಿನ 1.6 ಮೀಟರ್ ಸೀಲಿಂಗಿಗೂ ಅದೇ. ಹಿಂದಿನ ಸೀಲಿಂಗ್ ತಿಳಿ ಬಣ್ಣ.
2. ಮೂರು ಅಂಬರ್ ದಾರಿದೀಪ, ಒಂದು ತುರ್ತು ದೀಪ.
3. 1%ವರೆಗೆ ಇಳಿಯುವ, ವೇಗದ ಪಿಡಬ್ಲ್ಯೂಎಂ ಡಿಮ್ಮರ್.
4. 24 ವೋಲ್ಟಿನ 10 ಮೀಟರ್ ಸ್ಟ್ರಿಪ್, 100 ವ್ಯಾಟ್ ಡ್ರೈವರ್, ಪ್ರೊಫೈಲ್, ಕೋವ್ ಅಂಚು.
5. ಸ್ವಿಚ್ ಎರಡು ಕಡೆ: ಬಾಗಿಲಲ್ಲಿ ಒಂದು, ಸೋಫಾ ಪಕ್ಕ ಒಂದು.

ಕೈಬಿಟ್ಟದ್ದು: ಫಾಲ್ಸ್ ಸೀಲಿಂಗ್, 12 ಡೌನ್‌ಲೈಟ್, ಆರ್‌ಜಿಬಿ ಸ್ಟ್ರಿಪ್. ದುಡ್ಡು ಸಾಲದಿದ್ದರೆ ನಾಲ್ಕನೆಯದನ್ನು ಮುಂದಿನ ವರ್ಷಕ್ಕೆ ಇಟ್ಟು, ಈಗ ಹಿಂದಿನ ಗೋಡೆಗೆ ಬೆಳಕನ್ನು ಮೇಲಕ್ಕೆ ಚೆಲ್ಲುವ ಎರಡು ಸಾಧಾರಣ ಗೋಡೆದೀಪ ಹಾಕಿದರೂ ನಡೆಯುತ್ತೆ. ಮೊದಲೆರಡನ್ನು ಮಾತ್ರ ಮುಂದೂಡಬೇಡಿ.

10. ನೀವೇ ಮಾಡಿ ನೋಡಿ

• ಫೋನಿನ ಲಕ್ಸ್ ಆ್ಯಪ್ ಹಾಕಿಕೊಳ್ಳಿ. ಸೆನ್ಸರನ್ನು ಗೋಡೆಗೆ ಬೆನ್ನು ಮಾಡಿ ಒಂದು ಸಲ, ಒಂದಡಿ ದೂರದಿಂದ ಗೋಡೆಗೆ ಮುಖ ಮಾಡಿ ಇನ್ನೊಂದು ಸಲ ಅಳೆಯಿರಿ, ನಿಮ್ಮ ನೆರಳು ಬೀಳದ ಹಾಗೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಗೋಡೆಯ ರಿ ಅಂದಾಜು ಸಿಗುತ್ತೆ. ಫೋನಿನ ಅಳತೆ ನಿಖರವಲ್ಲ, ಅನುಪಾತಕ್ಕೆ ಸಾಕು.
• ಎಲ್‌ಇಡಿ ದೀಪದ ಕೆಳಗೆ ಪೆನ್ನನ್ನು ಜೋರಾಗಿ ಆಡಿಸಿ. ಪೆನ್ನು ಒಂದೇ ಮಸುಕಾಗಿ ಕಂಡರೆ ದೀಪ ಸರಿ. ಬಿಡಿ ಬಿಡಿ ಪೆನ್ನುಗಳು ಕಂಡರೆ ಅದು ಮಿನುಗುತ್ತಿದೆ.
• ನಮ್ಮ ಸೆಮಿನಾರ್ ಹಾಲಿನ ಅಳತೆ ತಗೊಂಡು, ಸ್ಲೈಡು ತೋರಿಸುವಾಗ ಮುಂದಿನ ಸಾಲಿನ ದೀಪ ಉರಿಯುತ್ತಿದ್ದರೆ ಪರದೆಯ ಕಾಂಟ್ರಾಸ್ಟ್ ಎಷ್ಟಾಗುತ್ತೆ ಅಂತ ಲೆಕ್ಕ ಹಾಕಿ. ಕೊನೆ ಬೆಂಚಿನವರು "ಕಾಣಲ್ಲ ಸಾರ್" ಅನ್ನೋದು ನೆಪವಾ ನಿಜವಾ ಅಂತ ಆಗ ಗೊತ್ತಾಗುತ್ತೆ.